ಕನ್ನಡಿಗೆ ಬೆನ್ನು ಹಾಕಿ

ಮೂಳೆ ಸವೆಯುತ್ತಿದೆ ಎಂದು ಡಾಕ್ಟರು ಹೇಳಿದಾಗ ಸೀತಾಲಕ್ಷ್ಮಿಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಐವತ್ತೈದು ದಾಟಿದ ಹೆಂಗಸಿನ ಮೂಳೆ ಸವೆಯದೆ ಇನ್ನೇನಾದೀತು ಅಂದುಕೊಂಡಳು. ಮಾತ್ರೆ ಬರೆದುಕೊಡುತ್ತಾರೆ, ಹಾಲು ಕುಡಿಯಿರಿ, ಬಿಸಿಲಿಗೆ ಮೈಯೊಡ್ಡಿ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಆ ಡಾಕ್ಟರು, ಅವಳ ಮಗಳ ವಯಸ್ಸಿನ ಹುಡುಗಿ, ಮಾತ್ರೆ ಬರೆದಾದ ಮೇಲೂ ಅವಳನ್ನು ಬಿಡಲಿಲ್ಲ.

"ದಿನಾ ವಾಕಿಂಗ್ ಮಾಡ್ತೀನಿ ಅಂದ್ರಲ್ಲ ಆಂಟಿ, ಅದೊಂದೇ ಸಾಲಲ್ಲ. ನೀವು ಭಾರ ಎತ್ತಬೇಕು."

ಸೀತಾಲಕ್ಷ್ಮಿ ನಕ್ಕಳು. "ಮದುವೆ ಆದಾಗಿನಿಂದ ಅದನ್ನೇ ಮಾಡ್ಕೊಂಡು ಬಂದಿದೀನಮ್ಮ."

ಡಾಕ್ಟರೂ ನಕ್ಕರು. ಆದರೆ ಮಾತು ಬದಲಿಸಲಿಲ್ಲ. "ಆ ಭಾರ ಅಲ್ಲ. ಜಿಮ್ಮಿಗೆ ಹೋಗಿ, ಹೇಳಿಕೊಡೋರ ಹತ್ರ ಕಲಿತು, ಮೆಲ್ಲಗೆ ಹೆಚ್ಚಿಸ್ಕೊಂಡು ಹೋಗೋ ಭಾರ. ಈಗಲೇ ಶುರು ಮಾಡಿ. ಬಿದ್ದು ಸೊಂಟ ಮುರ್ಕೊಂಡ ಮೇಲೆ ಏನು ಮಾಡೋಕ್ಕೂ ಕಷ್ಟ."

ಸೊಂಟ ಎಂಬ ಮಾತು ಕೇಳಿದ ಮೇಲೆ ಅವಳ ನಗು ನಿಂತಿತು. ಅವಳ ಅತ್ತೆ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡವರು. ಆಮೇಲೆ ಎದ್ದೇಳಲೇ ಇಲ್ಲ. ವರ್ಷಗಟ್ಟಲೆ ಅವರನ್ನು ಮಗ್ಗಲು ತಿರುಗಿಸಿದ್ದು, ಒರೆಸಿದ್ದು, ಬೆನ್ನಿಗೆ ಪೌಡರು ಹಚ್ಚಿದ್ದು ಎಲ್ಲವೂ ಸೀತಾಲಕ್ಷ್ಮಿಯೇ. ಅತ್ತೆ ತೆಳ್ಳನೆಯ ಹೆಂಗಸು. ಆದರೂ ತಾನಾಗಿ ಹೊರಳಲಾರದ ಮೈ ಎಷ್ಟು ಭಾರವಿರುತ್ತದೆ ಎಂಬುದು ಅವಳ ಕೈಗಳಿಗೆ ಗೊತ್ತಿತ್ತು.

ಬಾಗಲಗುಂಟೆಯ ಮುಖ್ಯರಸ್ತೆಯಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಜಿಮ್ ಇತ್ತು. ಅದರ ಬೋರ್ಡಿನ ಮೇಲೆ ಅಂಗಿಯಿಲ್ಲದ ಒಬ್ಬ ಗಂಡಸು ಊರಿಗೆಲ್ಲ ಕೋಪ ಬಂದವನಂತೆ ನಿಂತಿದ್ದ. ತರಕಾರಿಗೆ ಹೋಗುವಾಗಲೆಲ್ಲ ಅವನನ್ನು ನೋಡಿದ್ದಳಾದರೂ ಅವನಿಗೂ ತನಗೂ ಏನಾದರೂ ಸಂಬಂಧವಿದ್ದೀತೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಮರುದಿನ ಬೆಳಿಗ್ಗೆ ಗಂಡ ಪಾರ್ಕಿನಿಂದ ಬಂದು ತಿಂಡಿ ತಿಂದ ಮೇಲೆ, ಸೀರೆಯಲ್ಲೇ ಹೊರಟು, ಆ ಮೆಟ್ಟಿಲ ಬುಡದಲ್ಲಿ ನಿಂತಳು. ಮೇಲಿನಿಂದ ಹಾಡಿನ ಅಬ್ಬರ ಕೇಳುತ್ತಿತ್ತು. ಅರ್ಧ ಹತ್ತಿದಳು. ಅಷ್ಟರಲ್ಲಿ ಕಬ್ಬಿಣ ನೆಲಕ್ಕೆ ಬಿದ್ದ ಸದ್ದಾಯಿತು, ಹಿಂದೆಯೇ ಗಂಡಸೊಬ್ಬ ಹುಂಕರಿಸಿದ. ಸೀತಾಲಕ್ಷ್ಮಿ ಹಾಗೆಯೇ ತಿರುಗಿ ಇಳಿದು, ಎದುರಿನ ಗಾಡಿಯಲ್ಲಿ ಕೊತ್ತಂಬರಿ ಕೊಂಡು ಮನೆಗೆ ಬಂದಳು.

"ಏನಂದ್ರು ಜಿಮ್ಮಲ್ಲಿ?" ಎಂದರು ಗಂಡ ವೆಂಕಟಸುಬ್ಬಯ್ಯ.

"ಮುಚ್ಚಿತ್ತು ರೀ."

ಹೇಳಿದ ಮೇಲೆ ತನಗೇ ಆಶ್ಚರ್ಯವಾಯಿತು. ಇಷ್ಟು ಸಣ್ಣ ವಿಷಯಕ್ಕೆ ಸುಳ್ಳು ಹೇಳುವಂಥದ್ದೇನಿತ್ತು? ನಾನೂರು ಜನರ ಮದುವೆಯಲ್ಲಿ ಅಡುಗೆಯವರನ್ನು ಗದರಿಸಿ ಕೆಲಸ ಮಾಡಿಸಿದವಳು ಅವಳು. ಗಂಡ ಕೆಲಸ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆ ಮುಚ್ಚುತ್ತದೆಂಬ ಸುದ್ದಿ ಬಂದಾಗ ಕ್ವಾರ್ಟರ್ಸಿನ ಹೆಂಗಸರನ್ನೆಲ್ಲ ಕರೆದುಕೊಂಡು ಗೇಟಿನೆದುರು ಕೂತಿದ್ದಳು. ಹತ್ತಾರು ಮೆಟ್ಟಿಲು ಹತ್ತಲು ಅಂಥವಳ ಎದೆ ಡವಗುಟ್ಟಿತ್ತು. ಮಧ್ಯಾಹ್ನ ಅಕ್ಕಿ ಆರಿಸುತ್ತ ಅದನ್ನೇ ಯೋಚಿಸಿದಳು. ಈಚಿನ ವರ್ಷಗಳಲ್ಲಿ ಅವಳು ಮಾಡಿದ್ದೆಲ್ಲ ಬರುವ ಕೆಲಸಗಳನ್ನೇ. ಕಣ್ಣು ಮುಚ್ಚಿಕೊಂಡು ಮಾಡಬಲ್ಲ ಕೆಲಸಗಳು. ಬಾರದ ಕೆಲಸವನ್ನು ನಾಲ್ಕು ಜನರೆದುರು ತಪ್ಪುತಪ್ಪಾಗಿ ಮಾಡುವುದನ್ನು ಯಾವಾಗಲೋ ಬಿಟ್ಟುಬಿಟ್ಟಿದ್ದಳು. ಯಾವಾಗ ಬಿಟ್ಟೆ ಎಂಬುದೂ ನೆನಪಿರಲಿಲ್ಲ.

ಭಾನುವಾರ ವೈಟ್‌ಫೀಲ್ಡಿನಿಂದ ಮಗಳು ಶ್ರೀರಂಜನಿ ಬಂದಳು. ಬರುವಾಗ ಒಂದು ಚೀಲದಲ್ಲಿ ಶೂ, ಎರಡು ಟ್ರ್ಯಾಕ್ ಪ್ಯಾಂಟು, ಉದ್ದನೆಯ ಅಂಗಿಗಳನ್ನು ತಂದಿದ್ದಳು.

"ನಾನು ಪ್ಯಾಂಟು ಹಾಕೋದಾ? ಹೋಗೇ," ಎಂದಳು ಸೀತಾಲಕ್ಷ್ಮಿ.

"ಸೀರೆ ಉಟ್ಕೊಂಡು ತೂಕ ಎತ್ತಕ್ಕಾಗತ್ತಾ? ಎಡವಿ ಬಿದ್ದು ಅಲ್ಲೇ ಸೊಂಟ ಮುರ್ಕೊಳ್ತೀಯ ಅಷ್ಟೆ."

ಮಗಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಹಾಕಿ ನೋಡಿದಳು. ಕಾಲುಗಳು ಎರಡಿವೆ ಎಂಬುದು ಆವತ್ತು ಹೊಸದಾಗಿ ಗೊತ್ತಾದಂತಿತ್ತು. ಹೊರಗೆ ಹಾಕಿಕೊಂಡು ಹೋಗುವ ಧೈರ್ಯವಾಗಲಿಲ್ಲವಾದ್ದರಿಂದ ಮೊದಲು ಮನೆಯಲ್ಲೇ ಅಭ್ಯಾಸ ಮಾಡಿದಳು. ಪ್ಯಾಂಟಿನಲ್ಲೇ ಪಾತ್ರೆ ತೊಳೆದಳು, ಪ್ಯಾಂಟಿನಲ್ಲೇ ಸಾರಿಗೆ ಒಗ್ಗರಣೆ ಹಾಕಿದಳು. ವೆಂಕಟಸುಬ್ಬಯ್ಯ ಅಡುಗೆಮನೆಗೆ ಬಂದವರು ಒಂದು ಕ್ಷಣ ನಿಂತರು.

"ಯಾರೋ ಬಂದಿದಾರೆ ಅಂದ್ಕೊಂಡೆ," ಎಂದು ನೀರು ತೆಗೆದುಕೊಂಡು ಹೋದರು.

ಕೊನೆಗೊಂದು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅವಳು ಮೆಟ್ಟಿಲು ಪೂರ್ತಿ ಹತ್ತಿದಳು. ಗಾಜಿನ ಬಾಗಿಲು ತಳ್ಳಿ ಅಲ್ಲೇ ನಿಂತಳು. ಪೀಣ್ಯದ ಕಾರ್ಖಾನೆಗಳಲ್ಲಿ ಬೇರೆ ಬೇರೆ ಪಾಳಿಯ ಕೆಲಸ ಮಾಡುವ ಹುಡುಗರು ಆ ಹೊತ್ತಿನಲ್ಲೂ ನಾಲ್ಕೈದು ಮಂದಿ ಇದ್ದರು. ಮೂರು ಗೋಡೆಗೂ ನೆಲದಿಂದ ಮೇಲಿನವರೆಗೆ ಕನ್ನಡಿ. ಎಲ್ಲಿ ತಿರುಗಿದರೂ ಅವಳೇ ಕಾಣುತ್ತಿದ್ದಳು. ಮನೆಯ ಕನ್ನಡಿಯಲ್ಲಿ ಅವಳು ನೋಡಿಕೊಂಡಿದ್ದು ಮುಖವನ್ನು, ಹೆಚ್ಚೆಂದರೆ ಸೀರೆಯ ನೆರಿಗೆಯನ್ನು. ಈ ಗಿಡ್ಡ, ಅಗಲ ಮೈಯ, ಬಿಳೀ ಶೂ ಹಾಕಿದ ಹೆಂಗಸನ್ನು ಅವಳೆಂದೂ ನೋಡಿರಲಿಲ್ಲ.

"ಬರ್ರಿ ಅಮ್ಮಾರ, ಬಾಗಲದಾಗ ಯಾಕ ನಿಂತ್ರಿ? ಒಳಗ ಬರ್ರಿ."

ಕರೆದವಳು ಭಾಗ್ಯಶ್ರೀ. ಅಲ್ಲಿ ಹೇಳಿಕೊಡುವ ಹುಡುಗಿ. ಬಾಗಲಕೋಟೆ ಕಡೆಯವಳು, ಕಾಲೇಜಿನಲ್ಲಿ ಕಬಡ್ಡಿ ಆಡಿದವಳು ಎಂಬುದು ಆಮೇಲೆ ಗೊತ್ತಾಯಿತು.

"ಸುಮ್ನೆ ವಿಚಾರಿಸ್ಕೊಂಡು ಹೋಗೋಣ ಅಂತ ಬಂದೆ ಕಣಮ್ಮ," ಎಂದಳು ಸೀತಾಲಕ್ಷ್ಮಿ. ಕೈ ಇನ್ನೂ ಬಾಗಿಲ ಮೇಲೇ ಇತ್ತು.

"ವಿಚಾರ್ಸ್ರಿ. ಆದ್ರ ಕುಂತ ವಿಚಾರ್ಸ್ರಿ."

ಒಂದು ಬೆಂಚು ತೋರಿಸಿದಳು. ಸೀತಾಲಕ್ಷ್ಮಿ ಕೂತು ಮೂಳೆಯ ವಿಷಯ, ಡಾಕ್ಟರು ಹೇಳಿದ್ದು, ಎಲ್ಲ ಹೇಳಿದಳು. ಭಾಗ್ಯಶ್ರೀ ಪೂರ್ತಿ ಕೇಳಿಸಿಕೊಂಡು, "ಈಗ ಕೈ ಊರಲಾರದ ಏಳ್ರಿ ನೋಡೂಣು," ಎಂದಳು. ಎದ್ದಳು. "ಮತ್ತ ಕುಂದರ್ರಿ, ಮೆತ್ತಗ." ಕೂತಳು. ಹಾಗೆ ನಾಲ್ಕು ಸಲ ಆಗುವಷ್ಟರಲ್ಲಿ ತೊಡೆಗಳು ನಡುಗಿದವು. ಅಷ್ಟು ಹೊತ್ತಿಗೆ ಕನ್ನಡಿಯೊಳಗೆ, ತನ್ನ ಹಿಂದೆ, ಒಬ್ಬ ದೊಡ್ಡ ಆಳು ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ಇತ್ತ ಮುಖಮಾಡಿ ನಿಂತದ್ದು ಕಂಡಿತು. ಅವಳ ಮೈಯೆಲ್ಲ ಬಿಸಿಯಾಯಿತು.

"ಎಲ್ರೂ ನೋಡ್ತಿದಾರೆ ಕಣಮ್ಮ," ಎಂದಳು ಮೆಲ್ಲಗೆ.

"ನೋಡ್ತಾರ್ರಿ," ಎಂದಳು ಭಾಗ್ಯಶ್ರೀ. "ನೋಡಂಗಿಲ್ಲ ಅಂತ ನಾ ಯಾಕ ಸುಳ್ಳ ಹೇಳ್ಲಿ? ಹೊಸಬ್ರು ಬಂದ್ರ ಎಲ್ಲಾರೂ ಒಂದ್ಸಲ ನೋಡ್ತಾರ. ಆಮ್ಯಾಲ ಅವರವರ ತೋಳ ನೋವು ಅವರಿಗೆ."

ಆ ಉತ್ತರ ಸೀತಾಲಕ್ಷ್ಮಿಗೆ ಸಮಾಧಾನ ಕೊಡಲಿಲ್ಲ. ಆದರೆ ಹುಡುಗಿ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಬಂತು. ಬರುತ್ತೇನೆ, ಆದರೆ ಕನ್ನಡಿ ಇಲ್ಲದ ಕಡೆ ಜಾಗ ಕೊಡು ಎಂದು ಕೇಳಿಕೊಂಡಳು. ಕನ್ನಡಿಯಿಲ್ಲದ ನಾಲ್ಕನೆಯ ಗೋಡೆಯ ಮೂಲೆಯಲ್ಲಿ ಕುಡಿಯುವ ನೀರಿನ ಕ್ಯಾನು ಇಟ್ಟಿದ್ದರು. ಅದರ ಮುಂದೆ ಎರಡು ಮಾರು ಜಾಗವಿತ್ತು. ಮಾರನೆಯ ದಿನದಿಂದ ಅದು ಅವಳ ಮೂಲೆಯಾಯಿತು.

ಆ ಮೂಲೆಯಲ್ಲಿ ಗೋಡೆಗೆ ಮುಖ, ಕನ್ನಡಿಗಳಿಗೆ ಬೆನ್ನು ಹಾಕಿ ಅವಳು ಕಲಿಯತೊಡಗಿದಳು. ಏಳುವುದು, ಕೂರುವುದು, ಗೋಡೆಯನ್ನು ತಳ್ಳುವುದು, ಸಣ್ಣ ಡಂಬೆಲ್ಲನ್ನು ತಲೆಯ ಮೇಲಕ್ಕೆ ಎತ್ತುವುದು. ಎಲ್ಲಕ್ಕಿಂತ ಕಷ್ಟದ್ದು ಬಾಗುವುದು. ಜೀವಮಾನವಿಡೀ ಗುಡಿಸಿ, ಸಾರಿಸಿ, ರಂಗೋಲಿ ಹಾಕಿದವಳಿಗೆ ಬಾಗುವುದು ಬರುವುದಿಲ್ಲ ಎಂದು ಭಾಗ್ಯಶ್ರೀ ಹೇಳಿದಾಗ ಅವಳಿಗೆ ಸ್ವಲ್ಪ ಸಿಟ್ಟೇ ಬಂದಿತ್ತು.

"ನೀವ್ ಬೆನ್ನ ಬಗ್ಗಿಸ್ತೀರಿ. ಬೆನ್ನ ನೆಟ್ಟಗಿಟ್ಟು ಟೊಂಕದಿಂದ ಬಗ್ಗಬೇಕ್ರಿ. ನೆಲದ ಮ್ಯಾಲಿಂದ ಭಾರ ಎತ್ತೂದಕ್ಕ ಇದ ಮೂಲ."

ಅದಕ್ಕಾಗಿ ನೀರಿನ ಪೈಪಿನ ಒಂದು ಉದ್ದನೆಯ ತುಂಡನ್ನು ಅವಳ ಬೆನ್ನಿಗೆ ತಾಗಿಸಿ ಹಿಡಿಸಿದಳು. ತಲೆಯ ಹಿಂಭಾಗ, ಬೆನ್ನು, ಟೊಂಕ, ಮೂರೂ ಪೈಪಿಗೆ ತಾಗಿಕೊಂಡೇ ಇರಬೇಕು. ಹಾಗೇ ಬಾಗಬೇಕು, ಹಾಗೇ ಏಳಬೇಕು. ದಿನವೂ ಅದನ್ನು ಮಾಡಿದಳು. ಮೈಕೈ ನೋವು ಮೊದಲು ಹೆಚ್ಚಾಗಿ, ಆಮೇಲೆ ಕಡಿಮೆಯಾಯಿತು. ಹೆದರಿಕೆ ಮಾತ್ರ ಕಡಿಮೆಯಾಗಲಿಲ್ಲ. ಆ ದೊಡ್ಡ ಆಳು ಬಂದರೆ ಸಾಕು, ಅವಳ ಭುಜಗಳು ಕಿವಿಯತ್ತ ಏರುತ್ತಿದ್ದವು. ಅವನು ಬಸಲಿಂಗ, ಯಾದಗಿರಿ ಕಡೆಯವನು, ಪೀಣ್ಯದಲ್ಲಿ ಕಬ್ಬಿಣ ಕಾಯಿಸಿ ಬಡಿಯುವ ಶೆಡ್ಡೊಂದರಲ್ಲಿ ಕೆಲಸ. ಭಾರ ಎತ್ತಿ ದಡ್ ಎಂದು ಕೆಳಗೆ ಬಿಡುವವನು ಅವನೇ. ಮೊಬೈಲನ್ನು ಕಿಟಕಿಯ ದಂಡೆಗೆ ಒರಗಿಸಿ ತನ್ನ ವಿಡಿಯೋ ತಾನೇ ಮಾಡಿಕೊಳ್ಳುತ್ತಿದ್ದ. ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ.

ಒಂದು ಸಂಜೆ ಎದುರು ಮನೆಯ ಯಮುನಾ ಬಂದಳು. ಕೈಯಲ್ಲಿ ಫೋನಿತ್ತು, ಮುಖದಲ್ಲಿ ಹೇಳಲೋ ಬೇಡವೋ ಎಂಬ ನಗು.

"ಆಂಟಿ, ಬೇಜಾರು ಮಾಡ್ಕೋಬೇಡಿ. ಇದು ನೀವೇ ಅಲ್ವಾ?"

ಬಸಲಿಂಗ ನೆಟ್ಟಿಗೆ ಹಾಕಿದ್ದ ವಿಡಿಯೋ ಅದು. ಮುಂದೆ ಅವನು ಹಲ್ಲು ಕಚ್ಚಿ ತೋಳು ಮಡಿಸುತ್ತಿದ್ದಾನೆ. ಹಿಂದೆ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿದ ಒಬ್ಬ ಗಿಡ್ಡ ಹೆಂಗಸು ಬೆನ್ನಿಗೆ ಪೈಪು ಹಿಡಿದು ಭಕ್ತಿಯಿಂದ ಬಾಗುತ್ತಾಳೆ, ಏಳುತ್ತಾಳೆ, ಮತ್ತೆ ಬಾಗುತ್ತಾಳೆ. ಅವಳ ಎದುರಿಗಿರುವುದು ನೀರಿನ ಕ್ಯಾನು. ಕೆಳಗೆ ಯಾರೋ ಬರೆದಿದ್ದರು: "ಮಗಾ, ಹಿಂದೆ ನೋಡು. ಆಂಟಿ ವಾಟರ್ ಕ್ಯಾನಿಗೆ ನಮಸ್ಕಾರ ಹಾಕ್ತಾವ್ರೆ." ಅದರ ಕೆಳಗೆ ಸಾಲುಸಾಲು ನಗುವ ಮುಖಗಳು. ಆ ಸಾಲಿನ ಸಮೇತ ಅಷ್ಟನ್ನೇ ಕತ್ತರಿಸಿ ಯಾರೋ ಬೀದಿಯ ವಾಟ್ಸಾಪ್ ಗುಂಪಿಗೂ ಹಾಕಿದ್ದರು.

"ಎಲ್ರೂ ತಮಾಷೆಗೆ ನಕ್ಕಿರೋದು ಆಂಟಿ, ಕೆಟ್ಟದಾಗಲ್ಲ," ಎಂದಳು ಯಮುನಾ.

"ಅದಕ್ಕೇನಂತೆ ಬಿಡು," ಎಂದಳು ಸೀತಾಲಕ್ಷ್ಮಿ. ಕಾಫಿ ಮಾಡಿಕೊಟ್ಟು ಕಳಿಸಿದಳು.

ಮಾರನೆಯ ದಿನ ಜಿಮ್ಮಿಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ತರಕಾರಿಗೆ ಹಿಂದಿನ ರಸ್ತೆಯಿಂದ ಹೋದಳು. ಏನಾಗುತ್ತದೆಂದು ಹೆದರಿದ್ದಳೋ ಅದೇ ಆಗಿತ್ತು. ಯಾರೂ ನಗುವುದಿಲ್ಲ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಈಗ ಇಡೀ ಬೀದಿಯೇ ನಕ್ಕಿತ್ತು.

ವಾರ ಕಳೆದ ಮೇಲೆ ವೆಂಕಟಸುಬ್ಬಯ್ಯ ಊಟಕ್ಕೆ ಕೂತಾಗ ಮಾತೆತ್ತಿದರು. "ಹೋಗದೇ ಇದ್ದದ್ದು ಒಳ್ಳೇದೇ ಆಯ್ತು ಬಿಡು. ಈ ವಯಸ್ಸಲ್ಲಿ ನಮಗ್ಯಾಕೆ ಅದೆಲ್ಲ. ನನ್ನ ಜೊತೆ ಪಾರ್ಕಿಗೆ ಬಾ."

"ಪಾರ್ಕಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

ಅವರು ಅನ್ನ ಕಲಸುತ್ತ, "ನಿಮ್ಮ ಮನೆಯವರು ಪೈಲ್ವಾನರಾಗ್ತಿದಾರಂತಲ್ಲ ಅಂದ್ರು. ನಾನೂ ನಕ್ಕೆ. ಇನ್ನೇನು ಮಾಡ್ಲಿ," ಎಂದರು.

ಸೀತಾಲಕ್ಷ್ಮಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವರಿಗೂ ನಾಚಿಕೆಯಾಗಿದೆ, ಅದನ್ನು ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದಾರೆ ಎಂದು ಮಾತ್ರ ತೋರಿತು. ಮಜ್ಜಿಗೆ ಬಡಿಸುತ್ತ ಕೇಳಿದಳು:

"ನಿಮ್ಮಮ್ಮ ಮಲಗಿದ್ದಾಗ ಅವರನ್ನ ಮಗ್ಗಲು ತಿರುಗಿಸ್ತಿದ್ದಿದ್ದು ಯಾರು ರೀ?"

"ನೀನೇ. ಯಾಕೆ ಈಗ?"

"ನಾನು ಮಲಗಿದ್ರೆ ಯಾರು ತಿರುಗಿಸ್ತಾರೆ?"

ಅವರು ತಲೆ ಎತ್ತಿ ಅವಳನ್ನು ನೋಡಿದರು. ನಾನು ಎನ್ನಲು ಬಾಯಿ ತೆರೆದರೇನೋ. ಆದರೆ ಅವರ ಭುಜದ ನೋವು, ಮೊಣಕಾಲಿನ ನೋವು ಇಬ್ಬರಿಗೂ ಗೊತ್ತಿದ್ದದ್ದೇ. ಆ ಹೊತ್ತಿನಲ್ಲಿ ಅವರು ಬಹಳ ಮುದುಕರಾಗಿ ಕಂಡರು. ಹೇಳಬಾರದಿತ್ತೇನೋ ಎಂದು ಅವಳಿಗೆ ಅನ್ನಿಸಿತು. ಆದರೆ ಹೇಳಿದ್ದು ನಿಜವೂ ಆಗಿತ್ತು.

ಮಧ್ಯಾಹ್ನ ಅವರು ಮಲಗಿದ ಮೇಲೆ ಅವಳು ಫೋನಿನಲ್ಲಿ ಬೀದಿಯ ಗುಂಪಿಗೆ ಬಂದಿದ್ದ ಆ ವಿಡಿಯೋ ಹಾಕಿ ನೋಡಿದಳು. ಈ ವಾರ ಅದನ್ನು ಎಷ್ಟು ಸಲ ನೋಡಿದ್ದಳೋ. ಪ್ರತಿ ಸಲವೂ ಕಂಡದ್ದು ಕೆಳಗಿನ ಆ ಒಂದು ಸಾಲು, ಆ ನಗುವ ಮುಖಗಳು. ನೋಡಿ ನೋಡಿ ಅವು ಸವೆದು ಹೋಗಿದ್ದವೋ ಏನೋ, ಈ ಸಲ ಕಣ್ಣು ಹಿಂದಿದ್ದ ಹೆಂಗಸಿನ ಮೇಲೆ ನಿಂತಿತು. ತನ್ನ ಬೆನ್ನನ್ನು ತಾನು ಹಿಂದೆಂದೂ ನೋಡಿದವಳಲ್ಲ. ಯಾರ ಬೆನ್ನೋ ನೋಡಿದಂತೆ ನೋಡಿದಳು. ಬಾಗುವಾಗ ಅದು ನೆಟ್ಟಗಿತ್ತು. ಭಾಗ್ಯಶ್ರೀ ಹೇಳುತ್ತಿದ್ದಳಲ್ಲ, ಟೊಂಕದಿಂದ, ಹಾಗೆಯೇ. ಮೊದಲ ಎರಡು ಸಲ ಚೆನ್ನಾಗಿತ್ತು. ಮೂರನೆಯ ಸಲ ಕತ್ತು ಮೇಲೆದ್ದು ಪೈಪು ತಲೆಯಿಂದ ಬಿಟ್ಟುಹೋಗಿತ್ತು. ಹಿಂದಕ್ಕೆ ಸರಿಸಿ ಮತ್ತೆ ನೋಡಿದಳು. ಹೌದು, ಕತ್ತು. ಅದೊಂದು ಸರಿಯಾದರೆ ಆಯಿತಲ್ಲ ಎಂದುಕೊಂಡಳು.

ಆಮೇಲೆ ಆ ಕ್ಯಾನಿನತ್ತ ನೋಡಿದಳು. ನಿಜಕ್ಕೂ ನಮಸ್ಕಾರ ಹಾಕಿದಂತೆಯೇ ಇತ್ತು. ಯಾರ ಕಣ್ಣಿಗೂ ಬೀಳಬಾರದೆಂದು ಮೂಲೆ ಸೇರಿದ್ದಕ್ಕೇ ಆ ನಗೆಪಾಟಲು. ಎಲ್ಲರಂತೆ ಕನ್ನಡಿಯೆದುರು ನಿಂತಿದ್ದರೆ ಯಾರ ಕಣ್ಣಿಗೂ ಅದು ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಸೀತಾಲಕ್ಷ್ಮಿ ಒಬ್ಬಳೇ ನಕ್ಕಳು. ಗಂಡನಿಗೆ ಎಚ್ಚರವಾದೀತೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ನಿಂತ ಮೇಲೆ ಸ್ವಲ್ಪ ಅಳುವೂ ಬಂತು. ಅದು ಹೆಚ್ಚು ಹೊತ್ತು ಇರಲಿಲ್ಲ.

ಮರುದಿನ ಅವಳು ಗಾಜಿನ ಬಾಗಿಲು ತಳ್ಳಿದಾಗ ಹಾಡೊಂದನ್ನು ಬಿಟ್ಟು ಉಳಿದ ಸದ್ದೆಲ್ಲ ನಿಂತಿತು. ಎಲ್ಲರೂ ನೋಡಿದರು. ಈ ಸಲ ಅದು ಅವಳ ಊಹೆಯಾಗಿರಲಿಲ್ಲ. ಆದರೂ ಶೂ ದಾರ ಬಿಗಿದುಕೊಳ್ಳಲು ಬೆಂಚಿನ ಮೇಲೆ ಕೂತಳು. ಬಸಲಿಂಗ ಕೈಯಲ್ಲಿದ್ದುದನ್ನು ಸದ್ದಾಗದಂತೆ ಕೆಳಗಿಟ್ಟು ಹತ್ತಿರ ಬಂದ. ಅಷ್ಟು ದೊಡ್ಡ ಆಳು ಕೈ ಎಲ್ಲಿಡಬೇಕೆಂದು ತಿಳಿಯದೆ ಟವೆಲನ್ನು ಹಿಂಡುತ್ತಿದ್ದ.

"ಅಮ್ಮಾರ, ಆ ವಿಡಿಯೋ ತಗದ ಹಾಕೀನ್ರಿ. ಭಾಗ್ಯಕ್ಕ ಭಾಳ ಬೈದ್ಲು. ಖರೇ ಹೇಳ್ತೀನ್ರಿ, ಹಾಕೋಮುಂದ ನಾ ನಿಮ್ಮನ್ನ ನೋಡೇ ಇದ್ದಿಲ್ಲ. ನನ್ನ ತೋಳಷ್ಟ ನೋಡ್ಕೊಂಡ ಹಾಕಿದ್ದೆ."

ಅವನು ಹೇಳಿದ ರೀತಿಯಲ್ಲೇ ಅದು ನಿಜವೆಂದು ಗೊತ್ತಾಗುತ್ತಿತ್ತು. ಇಷ್ಟು ದಿನ ಯಾರ ದೃಷ್ಟಿಗೆ ಹೆದರಿ ಗೋಡೆ ನೋಡುತ್ತಿದ್ದಳೋ ಆ ಹುಡುಗನಿಗೆ ಅವಳು ಅಲ್ಲಿರುವುದೇ ಕಂಡಿರಲಿಲ್ಲ.

"ಕೇಳ್ದೆ ಇನ್ನೊಬ್ಬರ ಚಿತ್ರ ಹಾಕಬಾರದಪ್ಪ," ಎಂದಳು. ಧ್ವನಿ ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ನನಗೆ ತುಂಬ ಬೇಜಾರಾಯ್ತು. ಒಂದು ವಾರ ಈ ರಸ್ತೆಗೆ ಬರೋಕ್ಕೇ ಆಗಲಿಲ್ಲ."

"ತಪ್ಪಾತ್ರಿ."

"ಆಯ್ತು. ಇನ್ನು ಹಾಕಬೇಡ."

ಅವನು ತಲೆಯಾಡಿಸಿ ಹೋದ. ಭಾಗ್ಯಶ್ರೀ ಪೈಪು ಹಿಡಿದು ಬಂದಳು. ಎಲ್ಲಿ ಹೋಗಿದ್ದಿರಿ ಎಂದು ಕೇಳಲಿಲ್ಲ. ಮೂಲೆಯತ್ತ ತಿರುಗಿದವಳನ್ನು ಸೀತಾಲಕ್ಷ್ಮಿ ತಡೆದಳು.

"ಅಲ್ಲಿ ಬೇಡ ಕಣೇ. ಅಲ್ಲಿ ನನ್ನ ಕತ್ತು ನನಗೆ ಕಾಣಲ್ಲ."

ಕನ್ನಡಿಯೆದುರು ಪಕ್ಕಕ್ಕೆ ತಿರುಗಿ ನಿಂತಳು. ಮೊದಲ ಸಲ ಬಾಗಿದಾಗ ಹೊಟ್ಟೆ ಕಂಡಿತು, ನರೆತ ಕೂದಲು ಕಂಡಿತು, ಹಿಂದೆ ಇಬ್ಬರು ಹುಡುಗರು ಕಂಡರು. ಆಮೇಲೆ ಬೆನ್ನಿನ ಗೆರೆ ಕಂಡಿತು. ಕತ್ತು ಮೇಲೇಳುವುದನ್ನು ತಾನೇ ಹಿಡಿದಳು, ತಾನೇ ಸರಿಮಾಡಿದಳು. ನಾಲ್ಕಾರು ಸಲ ಆಗುವಷ್ಟರಲ್ಲಿ ಕನ್ನಡಿಯೊಳಗಿನ ಹೆಂಗಸು ತಿದ್ದಬಹುದಾದ ಒಂದು ಕೆಲಸದಂತೆ ಕಂಡಳು. ಅದು ಅವಳಿಗೆ ಹೊಸದು.

ಹೆದರಿಕೆ ಆವತ್ತೇ ಹೋಯಿತೆಂದಲ್ಲ. ಎಷ್ಟೋ ದಿನಗಳವರೆಗೆ ಮೆಟ್ಟಿಲ ಬುಡದಲ್ಲಿ ಕಾಲು ಒಂದು ಗಳಿಗೆ ತಡೆಯುತ್ತಿತ್ತು. ಚಳಿಗಾಲದಲ್ಲಿ ತಣ್ಣೀರಿನ ಮೊದಲ ಚೊಂಬು ಸುರಿದುಕೊಳ್ಳುವಾಗ ಆಗುತ್ತದಲ್ಲ, ಹಾಗೆ. ಆಮೇಲೆ ಹತ್ತುತ್ತಿದ್ದಳು. ವೆಂಕಟಸುಬ್ಬಯ್ಯ ಮತ್ತೆ ಬೇಡ ಎನ್ನಲಿಲ್ಲ. ಚೆನ್ನಾಗಿದೆ ಎಂದೂ ಹೇಳಲಿಲ್ಲ. ಅವಳು ಹೊರಡುವ ಹೊತ್ತಿಗೆ ಅವಳ ನೀರಿನ ಬಾಟಲಿ ತುಂಬಿಡತೊಡಗಿದರು, ಅಷ್ಟೆ. ಒಂದು ದಿನ ಪಾರ್ಕಿನಿಂದ ಬಂದವರು, "ಅಲ್ಲಿನವರು ಪೈಲ್ವಾನರ ವಿಷಯ ಮತ್ತೆ ಕೇಳಿದ್ರು. ನಮ್ಮನೇಲಿ ಯಾರಾದ್ರೂ ಒಬ್ರು ಗಟ್ಟಿ ಇರ್ಬೇಕಲ್ಲ ಅಂದೆ," ಎಂದು ಪೇಪರು ಬಿಚ್ಚಿಕೊಂಡರು.

ವರ್ಷ ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ ಮೂಳೆ ಇದ್ದಷ್ಟೇ ಇತ್ತು. ಹೆಚ್ಚಿರಲಿಲ್ಲ. ಇನ್ನಷ್ಟು ಸವೆಯದೇ ಇರುವುದೇ ದೊಡ್ಡದು ಎಂದರು ಡಾಕ್ಟರು.

ಆ ವಾರವೇ ಭಾಗ್ಯಶ್ರೀ ಅವಳೆದುರು ಉದ್ದನೆಯ ಕಬ್ಬಿಣದ ಸರಳನ್ನು ತಂದಿಟ್ಟಳು. ಅದರ ಎರಡೂ ತುದಿಗೆ ಗಾಲಿಯಂಥ ಒಂದೊಂದು ತೂಕ ಸಿಕ್ಕಿಸಿ, "ಇವತ್ತ ಇದನ್ನ ಎತ್ರಿ," ಎಂದು ಹೇಳಿ, ಯಾರೋ ಕರೆದರೆಂದು ಆಚೆ ಹೋದಳು. ಸೀತಾಲಕ್ಷ್ಮಿ ಕಾಲು ಸರಿಮಾಡಿಕೊಂಡು ನಿಂತಳು. ಟೊಂಕದಿಂದ ಬಾಗಿದಳು. ಸರಳು ತಣ್ಣಗಿತ್ತು. ಉಸಿರು ಹಿಡಿದು, ನೆಲವನ್ನು ಕಾಲಿನಿಂದ ತಳ್ಳಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅದು ಮೇಲೆ ಬಂತು, ಮೊಣಕಾಲು ದಾಟಿತು, ಅವಳು ನೆಟ್ಟಗೆ ನಿಂತಳು. ತೋಳು ನಡುಗುತ್ತಿರಲಿಲ್ಲ. ಮೆಲ್ಲಗೆ ಇಳಿಸಿದಳು.

ಸುತ್ತ ನೋಡಿದಳು. ಬಸಲಿಂಗ ಕಣ್ಣು ಮುಚ್ಚಿ ಯಾವುದೋ ಯಂತ್ರ ಎಳೆಯುತ್ತಿದ್ದ. ಇನ್ನಿಬ್ಬರು ಫೋನಿನಲ್ಲಿ ಮುಳುಗಿದ್ದರು. ಭಾಗ್ಯಶ್ರೀ ಬಾಗಿಲ ಬಳಿ ಯಾರ ಜೊತೆಗೋ ಮಾತಾಡುತ್ತಿದ್ದಳು. ಒಬ್ಬರೂ ನೋಡಿರಲಿಲ್ಲ. ಸೀತಾಲಕ್ಷ್ಮಿಗೆ ಸ್ವಲ್ಪ ನಿರಾಸೆಯಾಯಿತು.

"ಭಾಗ್ಯಾ," ಎಂದು ಕರೆದಳು.

"ಏನ್ರಿ ಅಮ್ಮಾರ?"

"ಬಾ ಇಲ್ಲಿ. ಇನ್ನೊಂದ್ಸಲ ಎತ್ತೀನಿ, ನೋಡು."